ಇನ್‌ಫ್ಲಿಕ್ಸಿಮ್ಯಾಬ್ ಡ್ರಿಪ್: ಕರುಳಿಗೆ ಪೂರ್ತಿ ಅಂಕ, ಲಿವರ್ ಲೆಕ್ಕ ಬೇರೆ

ನಾನು ಕುಮಟಾದಲ್ಲಿ ಫ್ರಿಜ್, ಎಸಿ ರಿಪೇರಿ ಮಾಡುವವನು. ಯಾವ ಕಂಪನಿಯ ಫ್ರಿಜ್ ತೆಗೆದುಕೊಳ್ಳಲಿ ಅಂತ ಜನ ಕೇಳುವುದು ಮಾಮೂಲು. ಈಗೀಗ ಇನ್ನೊಂದು ಪ್ರಶ್ನೆಯೂ ಬರುತ್ತಿದೆ. "ನಿಮಗೆ ಹಾಕಿದರಲ್ಲ, ಆ ದೊಡ್ಡ ಡ್ರಿಪ್, ಅದು ಹೇಗೆ? ನಮ್ಮ ಮಗನಿಗೂ ಬರೆದುಕೊಟ್ಟಿದ್ದಾರೆ." ಹೊನ್ನಾವರದಿಂದ, ಅಂಕೋಲಾದಿಂದ ಫೋನ್ ಬರುತ್ತದೆ. ಒಬ್ಬೊಬ್ಬರಿಗೂ ಬಾಯಲ್ಲಿ ಹೇಳುವ ಬದಲು ಬರೆದೇ ಬಿಡುತ್ತೇನೆ. ಫ್ರಿಜ್ ಬಗ್ಗೆ ಹೇಗೆ ಮುಲಾಜಿಲ್ಲದೆ ಹೇಳುತ್ತೇನೋ ಹಾಗೇ.

ನನ್ನ ಕಾಯಿಲೆ ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಗೋಡೆಯಲ್ಲಿ ಹುಣ್ಣು, ರಕ್ತ ಬೀಳುವ ಭೇದಿ, ತಡೆಯಲಾಗದ ಅವಸರ. ಗಿರಾಕಿಯ ಮನೆಗೆ ಹೋದರೆ ಫ್ರಿಜ್ ಎಲ್ಲಿದೆ ಅಂತ ಕೇಳುವ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡಿಕೊಳ್ಳುವ ಪರಿಸ್ಥಿತಿ. ಮೆಸಲಮಿನ್ ಮಾತ್ರೆ ಸ್ವಲ್ಪ ಕಾಲ ಕೆಲಸ ಮಾಡಿತು. ಸ್ಟೆರಾಯ್ಡ್ ಚೆನ್ನಾಗಿ ಕೆಲಸ ಮಾಡಿತು, ಆದರೆ ಬಿಟ್ಟ ಕೂಡಲೇ ರಕ್ತ ಮತ್ತೆ ಶುರು, ಜೊತೆಗೆ ಮುಖ ಊದಿಕೊಂಡಿದ್ದು ಬೇರೆ. ಅಜಾಥಯೋಪ್ರಿನ್ ಕೊಟ್ಟರು, ಬಿಳಿ ರಕ್ತಕಣ ಇಳಿದವು, ನಿಲ್ಲಿಸಿದರು. ಆಮೇಲೆ ಬಂದದ್ದು ಇನ್‌ಫ್ಲಿಕ್ಸಿಮ್ಯಾಬ್.

ಇದು ಮಾತ್ರೆ ಅಲ್ಲ, ಜೀವಕೋಶಗಳಲ್ಲಿ ಬೆಳೆಸಿ ತೆಗೆದ ಪ್ರೋಟೀನ್. ಅದಕ್ಕೇ ಇಂಥವನ್ನೆಲ್ಲ ಬಯಾಲಜಿಕ್ ಅನ್ನುತ್ತಾರೆ. ನಮ್ಮ ದೇಹ ಉರಿಯೂತ ಎಬ್ಬಿಸಲು ಟಿಎನ್‌ಎಫ್ ಅನ್ನುವ ವಸ್ತುವನ್ನು ಬಿಡುತ್ತದೆ. ನನ್ನಂಥವರ ಕರುಳಿನಲ್ಲಿ ಅದು ಥರ್ಮೋಸ್ಟಾಟ್ ಕೆಟ್ಟ ಫ್ರಿಜ್ಜಿನ ಕಂಪ್ರೆಸರ್ ಹಾಗೆ, ಆಫ್ ಆಗುವುದೇ ಇಲ್ಲ. ಈ ಔಷಧ ಹೋಗಿ ಟಿಎನ್‌ಎಫ್ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಅಮೆರಿಕದಲ್ಲಿ ಕ್ರೋನ್ಸ್ ಅನ್ನುವ, ಕರುಳಿನದೇ ಇನ್ನೊಂದು ಉರಿಯೂತದ ಕಾಯಿಲೆಗೆ 1998ರಲ್ಲಿ, ನನ್ನ ಕಾಯಿಲೆಗೆ 2005ರಲ್ಲಿ ಒಪ್ಪಿಗೆ ಸಿಕ್ಕ ಹಳೇ ಔಷಧ. ಈಗ ನಮ್ಮಲ್ಲಿ ಜಾಸ್ತಿ ಸಿಗುವುದು ಅದರದೇ ಮಾದರಿಯ ಬಯೋಸಿಮಿಲರ್. ನಾನು ತೆಗೆದುಕೊಂಡದ್ದೂ ಅದೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಕೆಲಸ ಮಾಡಿತು. ಅದೂ ಎಂಥ ಕೆಲಸ! ಎರಡನೇ ಡ್ರಿಪ್ ಆಗುವ ಹೊತ್ತಿಗೆ ರಕ್ತ ನಿಂತಿತ್ತು. ಊಟಕ್ಕೆ ಕೂತರೆ ಎದ್ದು ಓಡುವುದು ತಪ್ಪಿತು. ಭಟ್ಕಳದವರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗಿಬಂದೆ. ಈ ಕಾಯಿಲೆ ಇಲ್ಲದವರಿಗೆ ಇದರಲ್ಲೇನು ದೊಡ್ಡದು ಅನ್ನಿಸಬಹುದು. ಇದ್ದವರಿಗೆ ಗೊತ್ತು. ಕರುಳಿನ ವಿಷಯಕ್ಕೆ ಐದಕ್ಕೆ ಐದು ಕೊಡಲು ನನಗೆ ಅನುಮಾನವಿಲ್ಲ.

ಲೆಕ್ಕ ಹೀಗಿರುತ್ತದೆ: ಒಂದು ಕಿಲೋ ತೂಕಕ್ಕೆ 5 ಮಿಲಿಗ್ರಾಂ. ಮೊದಲ ಡ್ರಿಪ್, ಎರಡು ವಾರಕ್ಕೆ ಇನ್ನೊಂದು, ಆರನೇ ವಾರಕ್ಕೆ ಮತ್ತೊಂದು, ಆಮೇಲೆ ಎಂಟೆಂಟು ವಾರಕ್ಕೆ. ಬಾಟಲಿ ಬರುವುದು 100 ಮಿಲಿಗ್ರಾಂನದು. ನನ್ನ ತೂಕ ಆಗ 52 ಕಿಲೋ. ಅಂದರೆ 260 ಮಿಲಿಗ್ರಾಂ, ಬೇಕಾದದ್ದು ಮೂರು ಬಾಟಲಿ, 40 ಮಿಲಿಗ್ರಾಂ ಹಾಗೇ ಚೆಲ್ಲುವುದು. ಅದರ ಬೆಲೆ ಗೊತ್ತಿರುವವನಿಗೆ ಚೆಲ್ಲುವುದನ್ನು ನೋಡಲು ಹೊಟ್ಟೆ ಉರಿಯುತ್ತದೆ. ಬೆಲೆ ಇಲ್ಲಿ ಬರೆಯುವುದಿಲ್ಲ, ಕಂಪನಿಗೊಂದು ರೀತಿ. ಆದರೆ ಡಬ್ಬದ ಮೇಲಿನ ಎಂಆರ್‌ಪಿ ನೋಡಿ ಎದೆ ಒಡೆದುಕೊಳ್ಳಬೇಡಿ. ನಿಜವಾಗಿ ಕೊಡುವ ದರ ಅದಕ್ಕಿಂತ ಕಡಿಮೆ ಇರಬಹುದು, ರೋಗಿಗಳಿಗೆ ರಿಯಾಯಿತಿ ಯೋಜನೆಯೂ ಇರಬಹುದು. ಕೇಳಬೇಕು. ಕೇಳದವರಿಗೆ ಯಾರೂ ತಾವಾಗಿ ಹೇಳುವುದಿಲ್ಲ.

ಇನ್ನು ಸಾಗಿಸುವ ಪಾಡು. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಯೂ ಆಗಬಾರದು, ಹೆಪ್ಪುಗಟ್ಟಲೂ ಬಾರದು. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ. ನಾನು ಥರ್ಮಾಕೋಲ್ ಡಬ್ಬ ಹಿಡಿದು ಮೀನು ಮಾರ್ಕೆಟ್ ಹತ್ತಿರ ನಿಂತಿದ್ದಾಗ ಗುರುತಿನ ಮೀನಮ್ಮ ಒಬ್ಬರು "ಔಷಧ ಅಲ್ವಾ ತಮ್ಮಾ, ತಕೋ, ಚಲೋ ತಂಪಿರ್ತದೆ" ಅಂತ ಬುಟ್ಟಿಯಿಂದ ಒಂದು ಮುಷ್ಟಿ ಐಸ್ ಕೊಡಲು ಬಂದರು. ಪ್ರೀತಿ ದೊಡ್ಡದು. ಆದರೆ ಬಂಗಡೆಗೆ ಸರಿಹೋಗುವ ಐಸ್ ಪ್ರೋಟೀನ್ ಔಷಧಕ್ಕೆ ಸರಿಹೋಗುವುದಿಲ್ಲ. ಜೆಲ್ ಪ್ಯಾಕ್ ಇಡಬೇಕು, ಬಾಟಲಿಗೂ ಪ್ಯಾಕಿಗೂ ಮಧ್ಯೆ ದಪ್ಪ ಬಟ್ಟೆಯೋ ರಟ್ಟೋ ಇರಬೇಕು, ನೇರ ತಾಗಬಾರದು. ಮನೆ ಫ್ರಿಜ್ಜಿನಲ್ಲೂ ಅಷ್ಟೇ. ಫ್ರೀಜರ್ ಕೆಳಗಿನ ಟ್ರೇಯಲ್ಲಿ, ಹಿಂಗೋಡೆಗೆ ಒತ್ತಿ ಇಡಬೇಡಿ, ಅಲ್ಲಿ ಸೊನ್ನೆಗೂ ಕೆಳಗೆ ಹೋಗುವ ಫ್ರಿಜ್‌ಗಳನ್ನು ದಿನಾ ನೋಡುತ್ತೇನೆ. ಬಾಗಿಲಲ್ಲೂ ಬೇಡ. ನಡುವಿನ ಹಲಗೆ, ಮಧ್ಯದಲ್ಲಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಬಾಗಿಲು ತೆಗೆದು ತೆಗೆದು ನೋಡಬೇಡಿ. ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಒಳಗಿಡಿ, ಅದರ ತಂತಿ ಹೊರಗೆ ಬರುವಂಥದ್ದು.

ಡ್ರಿಪ್ ಹಾಕಿಸಿದ್ದು ದಕ್ಷಿಣದ ಕಡೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ, ಹೆಸರು ಬೇಡ. ಕಾರವಾರದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಇದ್ದರೂ ಇಂಥ ಕಾಯಿಲೆ ಅಂದರೆ ನಾವು ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ ಅಂತ ದಿಕ್ಕು ದಿಕ್ಕಿಗೆ ಓಡುವವರು. 2022ರಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೇ ಬೇಕು ಅಂತ ಜಿಲ್ಲೆ ತುಂಬ ಕೂಗು ಎದ್ದದ್ದು ನೆನಪಿರಬೇಕು. ಅದರ ಬಗ್ಗೆ ಬರೆದರೆ ಇದು ಮುಗಿಯುವುದಿಲ್ಲ.

ಡೇ ಕೇರ್ ವಾರ್ಡಿನ ನರ್ಸ್ ಬಹಳ ಚೊಕ್ಕ. ಬಾಟಲಿಯೊಳಗೆ ಔಷಧ ಒಣಗಿದ ಬಿಳಿ ಬಿಲ್ಲೆಯಾಗಿ ಕೂತಿರುತ್ತದೆ. 10 ಎಂಎಲ್ ನೀರನ್ನು ಬಾಟಲಿಯ ಗೋಡೆಗುಂಟ ಇಳಿಬಿಡಬೇಕು, ಮೆಲ್ಲಗೆ ತಿರುಗಿಸಬೇಕು, ಕುಲುಕಬಾರದು. ಕುಲುಕಿದರೆ ನೊರೆ. ಆಕೆ ಮೂರೂ ಬಾಟಲಿಗೆ ಅದೇ ತಾಳ್ಮೆಯಿಂದ ಮಾಡಿದರು. ಆಮೇಲೆ 250 ಎಂಎಲ್ ಸಲೈನ್‌ಗೆ ಸೇರಿಸಿ, ಫಿಲ್ಟರ್ ಇರುವ ಪೈಪಿನಲ್ಲಿ ಎರಡು ಗಂಟೆಗೆ ಕಡಿಮೆ ಇಲ್ಲದಂತೆ ಬಿಡುತ್ತಾರೆ. ನಡುನಡುವೆ ಬಿಪಿ ನೋಡುತ್ತಾರೆ, ಅಲರ್ಜಿ ಆಗುತ್ತದೋ ಅಂತ. ನನಗೆ ದೊಡ್ಡದೇನೂ ಆಗಲಿಲ್ಲ. ಒಮ್ಮೆ ತುರಿಕೆ ಬಂತು, ವೇಗ ಕಡಿಮೆ ಮಾಡಿದರು, ಹೋಯಿತು.

ಈಗ ಲಿವರ್ ವಿಷಯ. ಫೋನ್ ಮಾಡಿದವರಲ್ಲಿ ಯಾರಿಗೂ ಗೊತ್ತಿರದ ಭಾಗ ಇದು.

ಶುರು ಮಾಡುವ ಮೊದಲು ಎದೆ ಎಕ್ಸ್‌ರೇ, ಟಿಬಿ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ ಎಲ್ಲ ಮಾಡಿಸಿದರು. ಇದರಲ್ಲಿ ಹೆಪಟೈಟಿಸ್ ಬಿ ಬಹಳ ಮುಖ್ಯ. ಹಿಂದೆ ಯಾವಾಗಲೋ ಬಂದು ಲಿವರ್‌ನಲ್ಲಿ ಸದ್ದಿಲ್ಲದೆ ಕೂತಿರುವ ವೈರಸ್, ಟಿಎನ್‌ಎಫ್ ಕಟ್ಟಿಹಾಕಿದ ಕೂಡಲೇ ಎದ್ದು ಕೂರಬಹುದು. ಪ್ರಾಣ ಹೋದ ಉದಾಹರಣೆಗಳಿವೆ. ವೈರಸ್ ಈಗ ಇದೆಯಾ ಅಂತ ನೋಡುವ ಎಚ್‌ಬಿಎಸ್‌ಎಜಿ ಪರೀಕ್ಷೆ ಒಂದೇ ಸಾಲದು, ಹಿಂದೆ ಬಂದಿತ್ತಾ ಅಂತ ತಿಳಿಸುವ ಆಂಟಿ ಎಚ್‌ಬಿಸಿ ಅನ್ನುವ ಇನ್ನೊಂದು ಪರೀಕ್ಷೆಯೂ ಬೇಕು. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದವರಿಗೆ ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯ ಕಾವಲು ಇಟ್ಟು ಡ್ರಿಪ್ ಕೊಡುತ್ತಾರೆ. ಪಕ್ಕದ ಹಾಸಿಗೆಯ ಹುಡುಗನಿಗೆ ಟಿಬಿ ಪರೀಕ್ಷೆ ಪಾಸಿಟಿವ್ ಬಂದಿತ್ತು, ಕಾಯಿಲೆ ಇರಲಿಲ್ಲ, ಒಳಗೆ ಅಡಗಿತ್ತು ಅಷ್ಟೇ. ಅವನಿಗೆ ಐಸೊನಿಯಾಜಿಡ್ ಮಾತ್ರೆ ಕೊಟ್ಟಿದ್ದರು, ಅದೂ ಲಿವರ್‌ಗೆ ಹೊರೆಯೇ. ಅವನ ರಕ್ತದಲ್ಲಿ ಲಿವರ್ ಎನ್‌ಜೈಮ್ (ಲಿವರ್‌ಗೆ ಪೆಟ್ಟಾದರೆ ಏರುವಂಥದ್ದು) ಏರಿದ್ದು ಡ್ರಿಪ್‌ನಿಂದಲೋ ಮಾತ್ರೆಯಿಂದಲೋ ಅಂತ ಡಾಕ್ಟರುಗಳೇ ತಲೆ ಕೆಡಿಸಿಕೊಂಡಿದ್ದರು.

ನನ್ನದು ಎಲ್ಲ ನೆಗೆಟಿವ್. ಎಸ್‌ಜಿಪಿಟಿ ಅನ್ನುವ ಲಿವರ್ ಎನ್‌ಜೈಮ್ 28, ಮಾಮೂಲು. ಸಂತೋಷ. ಆಮೇಲೆ ಆ ಆಸ್ಪತ್ರೆಯಲ್ಲಿ ಯಾರೂ ಲಿವರ್ ಪರೀಕ್ಷೆಯ ಮಾತೇ ಎತ್ತಲಿಲ್ಲ. ಪ್ರತಿ ಸಲ ತೂಕ ನೋಡಿದರು, ಜ್ವರ ಕೆಮ್ಮು ಕೇಳಿದರು, ರಕ್ತಕಣ ಎಣಿಸುವ ಸಿಬಿಸಿ ಮಾಡಿಸಿದರು, ಬಿಲ್ ಮಾಡಿದರು. ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತ ಪರೀಕ್ಷೆ, ಇಲ್ಲ. ನನ್ನ ದೂರು ಇದೇ.

22ನೇ ವಾರದ ಡ್ರಿಪ್‌ಗೆ ಹೊರಡುವ ಮೊದಲು ನಮ್ಮೂರಿನ ಫ್ಯಾಮಿಲಿ ಡಾಕ್ಟರ್ ಹತ್ತಿರ ನೆಗಡಿಗೆ ಅಂತ ಹೋಗಿದ್ದೆ. ಅವರು ಫೈಲ್ ತಿರುವಿ ಹಾಕಿ, "ಲಿವರ್ ನೋಡೇ ಇಲ್ವಲ್ಲ ಇವರು" ಅಂತ ಒಂದು ಚೀಟಿ ಬರೆದರು. ಕುಮಟಾದ ಸಣ್ಣ ಲ್ಯಾಬ್. ಸಂಜೆ ರಿಪೋರ್ಟ್ ಬಂತು. ಎಸ್‌ಜಿಪಿಟಿ 312. ಅದರ ಜೊತೆಯ ಇನ್ನೊಂದು ಎನ್‌ಜೈಮ್ ಎಸ್‌ಜಿಒಟಿ 190. ಕಾಮಾಲೆಯಲ್ಲಿ ಏರುವ ಬಿಲಿರುಬಿನ್ ಮಾತ್ರ ಸರಿಯಾಗಿತ್ತು.

ಮೈ ಹೇಗಿತ್ತು ಗೊತ್ತಾ? ಚೆನ್ನಾಗಿತ್ತು. ಕಣ್ಣು ಹಳದಿ ಇಲ್ಲ, ಮೂತ್ರದ ಬಣ್ಣ ಸರಿ, ಹೊಟ್ಟೆನೋವಿಲ್ಲ, ಹಸಿವು ಇದೆ. ಹಿಂದಿನ ದಿನ ಒಬ್ಬರ ಮನೆಯ ಎರಡನೇ ಮಹಡಿಗೆ ಡಬಲ್ ಡೋರ್ ಫ್ರಿಜ್ ಹೊತ್ತು ಹಾಕಿದ್ದೆ. ಇದನ್ನು ಹೇಳಿದಾಗ ಹೊಟ್ಟೆ ಡಾಕ್ಟರ್ ತಕ್ಷಣ ಕಿವಿ ನೆಟ್ಟಗೆ ಮಾಡಿದರು. ಭಾರ ಎತ್ತಿದರೆ ಸ್ನಾಯುವಿನಿಂದಲೂ ಈ ಎನ್‌ಜೈಮ್‌ಗಳು ರಕ್ತಕ್ಕೆ ಬರುತ್ತವಂತೆ, ಅದರಲ್ಲೂ ಎಸ್‌ಜಿಒಟಿ. ಸಿಪಿಕೆ ಅಂತ ಸ್ನಾಯುವಿನ ಪರೀಕ್ಷೆ ಮಾಡಿಸಿದರು. ಅದು ಮಾಮೂಲಾಗಿತ್ತು. ಸೂಜಿ ಚುಚ್ಚುವಾಗ, ಸಾಗಿಸುವಾಗ ರಕ್ತಕಣ ಒಡೆದರೂ ಎಸ್‌ಜಿಒಟಿ ಸುಳ್ಳು ಏರುತ್ತದೆ. ಹಾಗಾಗಿ ಇನ್ನೊಮ್ಮೆ ರಕ್ತ ತೆಗೆದರು. ಅದೇ ಕಥೆ.

ಆಮೇಲೆ ಪ್ರಶ್ನೆಗಳ ಸರದಿ. ಕುಡಿತ ಇದೆಯಾ? ಕಾರವಾರ ದಾಟಿದರೆ ಗೋವಾ, ಬೇಸಿಗೆಯಲ್ಲಿ ಗೇರುಹಣ್ಣಿನ ಸಾರಾಯಿ ಉರಾಕ್ ಸಿಗುತ್ತದೆ, ಅವರಿಗೂ ಗೊತ್ತು. ನಾನು ಕುಡಿಯುವುದಿಲ್ಲ ಅಂದೆ, ನಂಬಿದರೋ ಇಲ್ಲವೋ. ಕಷಾಯ, ನಾಟಿ ಔಷಧ? ಇದಕ್ಕೆ ನಮ್ಮ ಕಡೆ ಇಲ್ಲ ಅನ್ನುವ ಮನೆ ಯಾವುದಿದೆ ಹೇಳಿ. ನಮ್ಮ ಅತ್ತಿಗೆ ಅಮೃತಬಳ್ಳಿ ಕಷಾಯದ ಬಾಟಲಿ ಕಳಿಸಿದ್ದರು, ಶಕ್ತಿ ಬರುತ್ತದೆ ಅಂತ. ನಾನು ಮುಟ್ಟಿರಲಿಲ್ಲ. ಡಾಕ್ಟರ್ ಹೇಳಿದ್ದು ಕೇಳಿ ಮುಟ್ಟದಿದ್ದದ್ದೇ ಒಳ್ಳೆಯದಾಯಿತು ಅನ್ನಿಸಿತು. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಊತ ಬಂದವರ ಬಗ್ಗೆ ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಜಗಳ ಅವರಿಗಿರಲಿ, ಬಯಾಲಜಿಕ್ ಮೇಲಿರುವವರು ಡಾಕ್ಟರಿಗೆ ಹೇಳದೆ ಯಾವ ಬೇರನ್ನೂ ಅರೆದು ಕುಡಿಯಬೇಡಿ. ಆಗ ಲಿವರ್ ಕೆಟ್ಟರೆ ಕಳ್ಳ ಯಾರು ಅಂತ ಹಿಡಿಯುವುದೇ ಕಷ್ಟ.

ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲ ನೋಡಿದರು. ಸ್ಕ್ಯಾನಿಂಗ್ ಆಯಿತು. ಎಂಆರ್‌ಸಿಪಿ ಅಂತ ಪಿತ್ತನಾಳದ ಎಂಆರ್‌ಐ ಕೂಡ. ಯಾಕೆಂದರೆ ಕೊಲೈಟಿಸ್ ಇರುವ ಕೆಲವರಿಗೆ ಪಿತ್ತನಾಳ ಊದಿ ಕಟ್ಟಿಕೊಳ್ಳುವ ಪಿಎಸ್‌ಸಿ ಅನ್ನುವ ಕಾಯಿಲೆ ಜೊತೆಗೇ ಬರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಆಲ್ಕಲೈನ್ ಫಾಸ್ಫಟೇಸ್ ಅನ್ನುವ ಬೇರೆ ಎನ್‌ಜೈಮ್ ಏರುತ್ತದೆ. ನನ್ನದು ಹಾಗಿರಲಿಲ್ಲ. ಕೊನೆಗೆ ಎಎನ್‌ಎ, ಅಂದರೆ ದೇಹ ತನ್ನ ಮೇಲೇ ತಿರುಗಿಬಿದ್ದಿರಬಹುದು ಅಂತ ಸುಳಿವು ಕೊಡುವ ಪರೀಕ್ಷೆ, ಪಾಸಿಟಿವ್ ಬಂತು. ಡಾಕ್ಟರ್ ಬಿಡಿಸಿ ಹೇಳಿದರು: ಔಷಧ ನೇರವಾಗಿ ವಿಷದ ಹಾಗೆ ಲಿವರ್ ಸುಡುವುದಲ್ಲ. ಕೆಲವರಲ್ಲಿ ಈ ಔಷಧದಿಂದ ದೇಹದ ಪ್ರತಿರೋಧ ಶಕ್ತಿಯೇ ದಾರಿ ತಪ್ಪಿ ತನ್ನದೇ ಲಿವರ್ ಮೇಲೆ ಬೀಳುತ್ತದೆ. ಆಟೋಇಮ್ಯೂನ್ ಹೆಪಟೈಟಿಸ್ ತರಹವೇ ಕಾಣುತ್ತದೆ. ಸಾಮಾನ್ಯವಾಗಿ ಕೆಲವು ಡ್ರಿಪ್ ಆದ ಮೇಲೆ, ಮೂರ್ನಾಲ್ಕು ತಿಂಗಳ ಹೊತ್ತಿಗೆ.

"ಇದು ಅಪರೂಪ ಅಲ್ವಾ ಸರ್?" ಅಂತ ಕೇಳಿದೆ.

"ಅಪರೂಪವೇ. ಆದರೆ ನೀವು ಅಂದುಕೊಂಡಷ್ಟಲ್ಲ" ಅಂದರು.

ಐಸ್‌ಲ್ಯಾಂಡ್‌ನಲ್ಲಿ ಇಡೀ ದೇಶದ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಗಿದೆ. ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡ ಸುಮಾರು 120 ಜನರಲ್ಲಿ ಒಬ್ಬರಿಗೆ ಲಿವರ್ ತೊಂದರೆ. ಅದೇ ಗುಂಪಿನ ಅಡಾಲಿಮುಮ್ಯಾಬ್‌ಗೆ 270ಕ್ಕೆ ಒಬ್ಬರು. ಒಂದು ಬಸ್ಸಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಆದರೆ ದೊಡ್ಡ ಡೇ ಕೇರ್ ವಾರ್ಡಿಗೆ ಇದು ಹೊಸದಾಗಿರಬಾರದು. ಅಮೆರಿಕದ ಔಷಧ ಇಲಾಖೆ ಈ ಬಗ್ಗೆ ಎಚ್ಚರಿಕೆ ಕೊಟ್ಟದ್ದು 2004ರಲ್ಲೇ.

ಮನೆಗೆ ಬಂದು ಡಬ್ಬದೊಳಗಿನ ಮಡಿಸಿಟ್ಟ ಕಾಗದ ಬಿಡಿಸಿದೆ. ಈರುಳ್ಳಿ ಸಿಪ್ಪೆಯಷ್ಟು ತೆಳು, ಇಂಗ್ಲಿಷು, ಅಕ್ಷರ ಇರುವೆಗಿಂತ ಸಣ್ಣದು. ಫ್ರಿಜ್, ಎಸಿಯ ಸರ್ಕ್ಯೂಟ್ ಬೋರ್ಡ್ ಮೇಲಿನ ನಂಬರ್ ಓದುವ ಭೂತಗನ್ನಡಿ ಹಿಡಿದು ಕೂತೆ. ಎಲ್ಲ ಬರೆದಿದ್ದಾರೆ ಸ್ವಾಮಿ! ಕಾಮಾಲೆ ಕಂಡರೆ, ಅಥವಾ ಲಿವರ್ ಎನ್‌ಜೈಮ್ ಮಾಮೂಲು ಮಿತಿಯ ಐದು ಪಟ್ಟು ಮುಟ್ಟಿದರೆ ಔಷಧ ನಿಲ್ಲಿಸಿ ಅಂತ ಅಲ್ಲೇ ಇದೆ. ಎಸ್‌ಜಿಪಿಟಿಯ ಮಿತಿ ಲ್ಯಾಬಿಗೊಂದು ಥರ, ನಮ್ಮಲ್ಲಿ 40ರ ಆಸುಪಾಸು. ನನ್ನದು ಅದರ ಏಳು ಪಟ್ಟಿಗೂ ಜಾಸ್ತಿ. ಬರೆದ ಕಂಪನಿಯನ್ನು ಬೈಯಲಾರೆ. ಬರೆದದ್ದನ್ನು ರೋಗಿಗೆ ಎರಡು ಸಾಲು ಕನ್ನಡದಲ್ಲಿ ಹೇಳಲು ಯಾರಿಗೂ ಪುರುಸೊತ್ತಿಲ್ಲ, ಬೈಯಬೇಕಾದದ್ದು ಅದನ್ನು.

ಇನ್ನೊಂದು ನಷ್ಟ ಆಯಿತು. ಆ ಸಲದ ಮೂರು ಬಾಟಲಿ ಆಗಲೇ ಮನೆಗೆ ಬಂದಿದ್ದವು. ವಾಪಸ್ ತೆಗೆದುಕೊಳ್ಳುವುದಿಲ್ಲ ಅಂದರು ಕೊಟ್ಟವರು. ಒಮ್ಮೆ ಅವರ ಫ್ರಿಜ್ ಬಿಟ್ಟು ಹೊರಟ ಮಾಲು ಎಷ್ಟು ಡಿಗ್ರಿಯಲ್ಲಿತ್ತು ಅಂತ ಅವರು ಹೇಗೆ ನಂಬುವುದು? ನಾನು ಥರ್ಮಾಮೀಟರ್ ತೋರಿಸಿದೆ. ನಕ್ಕರು. ನಿಯಮ ಸರಿಯೇ ಇದೆ, ಹಣ ನನ್ನದಾದ್ದರಿಂದ ಸಿಟ್ಟು ಬಂತು ಅಷ್ಟೇ. ಅದಕ್ಕೇ ಫೋನ್ ಮಾಡುವವರಿಗೆ ನಾನು ಮೊದಲು ಹೇಳುವ ಮಾತು: ಮೊದಲು ರಿಪೋರ್ಟ್, ಆಮೇಲೆ ಬಾಟಲಿ. ಡ್ರಿಪ್‌ಗೆ ಎರಡು ಮೂರು ದಿನ ಇರುವಾಗ ಊರಿನ ಲ್ಯಾಬ್‌ನಲ್ಲೇ ಎಲ್‌ಎಫ್‌ಟಿ ಮಾಡಿಸಿ, ಫೋಟೊ ತೆಗೆದು ಡಾಕ್ಟರಿಗೆ ಕಳಿಸಿ, ಅವರು ಸರಿ ಅಂದ ಮೇಲೆ ದುಡ್ಡು ಕೊಡಿ. ಬಾಟಲಿಯ ಬೆಲೆಯ ಮುಂದೆ ಪರೀಕ್ಷೆಯ ದುಡ್ಡು ಲೆಕ್ಕಕ್ಕೇ ಇಲ್ಲ. ಸಾಧ್ಯವಾದರೆ ಪ್ರತಿ ಸಲ ಒಂದೇ ಲ್ಯಾಬ್, ಆಗ ಏರಿದ್ದು ಇಳಿದದ್ದು ಸರಿಯಾಗಿ ಕಾಣುತ್ತದೆ. ಸ್ವಲ್ಪ ಏರಿದೆ ಅಂತ ನೀವಾಗಿ ಡ್ರಿಪ್ ತಪ್ಪಿಸಬೇಡಿ ಮತ್ತೆ. ಎಷ್ಟೋ ಜನರಲ್ಲಿ ಸಣ್ಣ ಏರಿಕೆ ತಾನೇ ಇಳಿಯುತ್ತದೆ, ಕೊಬ್ಬಿದ ಲಿವರ್ ಇದ್ದವರಿಗೂ ಹಾಗಾಗುತ್ತದೆ. ನಿಲ್ಲಿಸುವುದು ಬಿಡುವುದು ಡಾಕ್ಟರ್ ಕೆಲಸ.

ನನ್ನದು ನಿಲ್ಲಿಸಿದರು. ಲಿವರ್‌ನ ಚೂರು ತೆಗೆದು ನೋಡುವ ಬಯಾಪ್ಸಿ ಮಾತು ಬಂತು, ಸ್ವಲ್ಪ ಕಾಯೋಣ ಅಂದರು. ಕೆಲವರಿಗೆ ಸ್ಟೆರಾಯ್ಡ್ ಬೇಕಾಗುತ್ತದೆ, ನನಗೆ ಬೇಕಾಗಲಿಲ್ಲ. ಎಸ್‌ಜಿಪಿಟಿ ಇಳಿಯುತ್ತಾ ಬಂತು. 140 ಆಯಿತು, 60 ಆಯಿತು, ಕೆಲವು ತಿಂಗಳಲ್ಲಿ ಮಾಮೂಲಿಗೆ ಬಂತು. ಅಷ್ಟು ಹೊತ್ತಿಗೆ ಕರುಳು ಮತ್ತೆ ಗೊಣಗಲು ಶುರು ಮಾಡಿತ್ತು. ಅಡಾಲಿಮುಮ್ಯಾಬ್ ಹಾಕಬಹುದಿತ್ತು, ಇನ್‌ಫ್ಲಿಕ್ಸಿಮ್ಯಾಬ್ ಆಗದವರಲ್ಲಿ ಹಲವರಿಗೆ ಅದು ಆಗುತ್ತದೆ, ಮನೆಯಲ್ಲೇ ಚುಚ್ಚಿಕೊಳ್ಳಬಹುದು ಅಂದರು. ಆದರೆ ಅವರ ಮನಸ್ಸು ವೆಡೊಲಿಜುಮ್ಯಾಬ್ ಕಡೆ ಇತ್ತು. ಅದು ಟಿಎನ್‌ಎಫ್ ತಂಟೆಗೆ ಹೋಗುವುದಿಲ್ಲ, ಉರಿಯೂತದ ಬಿಳಿಕಣಗಳು ಕರುಳಿಗೆ ನುಗ್ಗುವ ಬಾಗಿಲನ್ನಷ್ಟೇ ಮುಚ್ಚುತ್ತದೆ. ಎಲ್ಲ ತೂಕಕ್ಕೂ 300 ಮಿಲಿಗ್ರಾಂ, ಅರ್ಧ ಗಂಟೆಯ ಡ್ರಿಪ್, ಚೆಲ್ಲುವ ಮಾತಿಲ್ಲ. ಅದರ ಕಾಗದದಲ್ಲೂ ಲಿವರ್ ಎನ್‌ಜೈಮ್ ಏರಬಹುದು ಅಂತ ಒಂದು ಸಾಲಿದೆ, ಭೂತಗನ್ನಡಿ ಹಿಡಿದು ನೋಡಿದ್ದೇನೆ. ಹೊಸದಾಗಿ ಬಂದ ರಿಸಾಂಕಿಜುಮ್ಯಾಬ್‌ಗಂತೂ, ಕ್ರೋನ್ಸ್‌ಗೆ ಕೊಡುವಾಗ, ಮೊದಲೇ ಒಮ್ಮೆ ಮತ್ತು ಕನಿಷ್ಠ 12 ವಾರದವರೆಗೆ ಲಿವರ್ ನೋಡುತ್ತಿರಿ ಅಂತ ಬರೆದೇ ಇಟ್ಟಿದ್ದಾರೆ. ಹಾಗಾಗಿ ಯಾವ ಬಯಾಲಜಿಕ್ ಆದರೂ ಎಲ್‌ಎಫ್‌ಟಿ ಬಿಡುವ ಹಾಗಿಲ್ಲ.

ವೆಡೊಲಿಜುಮ್ಯಾಬ್ ನಿಧಾನ. ಇನ್‌ಫ್ಲಿಕ್ಸಿಮ್ಯಾಬ್ ತೋರಿಸಿದ ಚಮತ್ಕಾರ ಅದರಲ್ಲಿಲ್ಲ, ತಿಂಗಳುಗಟ್ಟಲೆ ಕಾಯಬೇಕು. ರಕ್ತ ನಿಂತಿದೆ, ಅವಸರ ಇನ್ನೂ ಸ್ವಲ್ಪ ಇದೆ. ಅದಕ್ಕೆ ಅಂಕ ಕೊಡಲು ಇನ್ನೂ ಹೊತ್ತಿದೆ.

ಇನ್‌ಫ್ಲಿಕ್ಸಿಮ್ಯಾಬ್‌ಗೆ ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ನನಗೆ ಆಗಲಿಲ್ಲ ಅಂತ ಔಷಧ ಕೆಟ್ಟದ್ದಲ್ಲ, ನಿಮ್ಮ ಮಗನಿಗೆ ಬರೆದಿದ್ದರೆ ಹೆದರಿ ಬಿಡಿಸಬೇಡಿ. ಅದನ್ನು ಹಾಕಿದ ಆಸ್ಪತ್ರೆಗೆ ಐದಕ್ಕೆ ಎರಡು, ಅದರಲ್ಲಿ ಒಂದೂವರೆ ಆ ನರ್ಸ್‌ಗೆ. ಈಗ ಅಲ್ಲಿ ಡ್ರಿಪ್‌ಗೆ ಹೆಸರು ಬರೆಸುವಾಗ ಎಲ್‌ಎಫ್‌ಟಿ ಆಗಿದೆಯಾ ಅಂತ ಕೇಳುತ್ತಾರಂತೆ, ಹೊನ್ನಾವರದವರೊಬ್ಬರು ಹೇಳಿದರು. ಕೇಳದಿದ್ದರೆ ನೀವೇ ರಿಪೋರ್ಟ್ ತೆಗೆದು ಕೌಂಟರ್ ಮೇಲಿಡಿ.